ಮೂರನೇ ಮಗ್ಗುಲಿನ ಹೊಲಿಗೆ

“ಈ ಮೂರನೇ ಮಗ್ಗುಲು ಹೊಲಿಯೋವಾಗ ನಿಮಗೆ ಯಾರ ಮೇಲೆ ಕೋಪ ಬಂದಿತ್ತು?”

ಅವಳು ಬಂದು ಎರಡು ನಿಮಿಷ ಆಗಿರಲಿಲ್ಲ. ಕುರ್ಚಿಯ ಮೇಲೆ ಸರಿಯಾಗಿ ಕೂತೂ ಇರಲಿಲ್ಲ. ಅಷ್ಟರಲ್ಲೇ ಇಂಥ ಪ್ರಶ್ನೆ!

ಕೇಳಿದವನು ಶಾಲೆಯೊಂದರ ವ್ಯಾಕರಣದ ಮೇಷ್ಟ್ರು. ಹುಟ್ಟಿನಿಂದ ಅವನಿಗೆ ಕಣ್ಣು ಕಾಣದು. ಅವನ ಶಾಲೆಯ ಮಕ್ಕಳಿಗೂ ಅಷ್ಟೇ. ಅವಳು ಎರಡು ಬೀದಿಯಾಚೆ, ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡಿದ್ದ ಹೊಲಿಗೆಯವಳು. ಮಕ್ಕಳ ಪಾಠಕ್ಕೆ ಬಟ್ಟೆಯ ಸಾಮಾನು ಬೇಕಂತೆ ಎಂದು ಕರೆ ಬಂದಿತ್ತು. ಮಾದರಿಗೆಂದು ಅಂಗೈಯಗಲದ ಬಟ್ಟೆಯೊಂದರ ನಾಲ್ಕೂ ಮಗ್ಗುಲಿಗೆ ಕೈಹೊಲಿಗೆ ಹಾಕಿ ತಂದಿದ್ದಳು.

ಅವನ ಬೆರಳು ಆ ಬಟ್ಟೆಯ ಅಂಚಿನ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಒಂದು ಮಗ್ಗುಲು... ಎರಡು... ಮೂರನೆಯದಕ್ಕೆ ಬಂದು ನಿಂತಿತು.

“ಇಲ್ಲಿ ದಾರ ಬಿಗಿಯಾಗಿದೆ. ಎಳೆದೆಳೆದು ಹಾಕಿದ್ದೀರಿ. ನಾಲ್ಕನೇದಕ್ಕೆ ಬರೋ ಹೊತ್ತಿಗೆ ಸಮಾಧಾನ ಆಗಿದೆ.”

ಅವಳಿಗೆ ಮೈಯೆಲ್ಲ ಜುಮ್ಮೆಂದಿತು. ನಿಜವೇ! ಮೂರನೇ ಮಗ್ಗುಲಿಗೆ ಬಂದಾಗಲೇ ಅತ್ತಿಗೆ ಬಂದು, “ಎಷ್ಟು ದಿನ ಹೀಗೇ ಕೂತಿರ್ತೀಯಮ್ಮ” ಎಂದು ಶುರು ಮಾಡಿದ್ದಳು. ಇದು ಇವನಿಗೆ ಹೇಗೆ ಗೊತ್ತಾಯಿತು? ಕಣ್ಣಿರುವ ಅಣ್ಣನಿಗೇ ಒಂದು ದಿನವೂ ತಿಳಿಯದ್ದು!

“ನಿಮಗ್ಯಾಕೆ ಅದೆಲ್ಲ?” ಎಂದಳು.

ಮಾತು ಹೊರಬಿದ್ದದ್ದೇ ತಡ, ಅವನು ತಲೆಯೆತ್ತಿದ.

“ಅಯ್ಯೋ, ನೆಗಡಿ ಆಗಿದೆಯಾ? ಬಿಸಿನೀರು ತರಿಸಲಾ?”

ನೆಗಡಿ! ಅವಳ ಮುಖ ಸಪ್ಪಗಾಯಿತು. ಐದು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಒಡೆದ ದನಿ ಮತ್ತೆ ಕೂಡಿರಲಿಲ್ಲ. “ಎಣ್ಣೆ ಕಾಣದ ಮೆಷಿನ್” ಎಂದು ಅಣ್ಣ ರೇಗಿಸುತ್ತಿದ್ದ. ಅದೆಲ್ಲ ಅಭ್ಯಾಸವಾಗಿತ್ತು. ಆದರೆ ಇವತ್ತು, ಇವನ ಬಾಯಲ್ಲಿ ಬಂದಾಗ ಯಾಕೋ ಸೂಜಿ ಉಗುರಿನೊಳಗೆ ಹೊಕ್ಕಂತೆ ಚುಚ್ಚಿತು.

“ನೆಗಡಿ ಅಲ್ಲ. ನನ್ನ ದನಿಯೇ ಹೀಗೆ.”

ಅವನು ಏನೋ ಹೇಳಲು ಹೋದ, ತಡವರಿಸಿದ. ಕೊನೆಗೆ, “ಈ ತುಂಡು ಪಾಠಕ್ಕೆ ಆಗಲ್ಲ. ಮಕ್ಕಳು ಗೊಂದಲ ಮಾಡ್ಕೋತಾರೆ. ಸಮನಾಗಿ ಇನ್ನೊಂದು ಹೊಲಿದು ಕೊಡ್ತೀರಾ?” ಎಂದ.

“ಸರಿ. ಇದನ್ನ ಕೊಡಿ, ಬಿಚ್ಚಿ ಹಾಕ್ತೀನಿ.”

“ಅದು... ಇಲ್ಲೇ ಎಲ್ಲೋ ಬಿತ್ತು ಅನ್ಸುತ್ತೆ.”

ಕಸದ ಬುಟ್ಟಿಗೆ ಹಾಕಿದನೇನೋ ಎಂದುಕೊಂಡು ಅವಳು ಎದ್ದಳು. ಇನ್ನು ಈ ಮನುಷ್ಯನ ಮುಂದೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ ಎಂದು ಮೆಟ್ಟಿಲಿಳಿಯುವಾಗಲೇ ತೀರ್ಮಾನ ಮಾಡಿಬಿಟ್ಟಳು.

ಹಟ ಎಂದರೆ ಹಟ. ನಾಲ್ಕು ತಿಂಗಳು ಹಾಗೇ ನಡೆದಳು!

*

ಕೆಲಸ ಮಾತ್ರ ಅವಳಿಗೆ ಬಹಳ ಹಿಡಿಸಿತ್ತು. ಬಡಗಿ ಮಾಡಿಕೊಟ್ಟ ಹದಿನೆಂಟು ಮರದ ಡಬ್ಬಿಗಳು. ಒಂದೊಂದರಲ್ಲೂ ಒಂದೊಂದು ಪದ.

“ಮಾಡೋ ಕೆಲಸದಿಂದ ಹುಟ್ಟೋ ಹೆಸರುಗಳು ಇವು,” ಎಂದು ಮೇಷ್ಟ್ರು ವಿವರಿಸಿದ್ದ. “ಹೊಲಿದರೆ ಹೊಲಿಗೆ. ಹೊದೆದರೆ ಹೊದಿಕೆ. ಹಾಸಿದರೆ ಹಾಸಿಗೆ. ಹಿಡಿಯೋದು ಹಿಡಿಕೆ, ಮುಚ್ಚೋದು ಮುಚ್ಚಳ. ಇವೆಲ್ಲ ಕೈಗೆ ಸಿಗುತ್ತವೆ. ಒಂಬತ್ತು ಡಬ್ಬಿಯಲ್ಲಿ ಇಂಥ ವಸ್ತು ಇಡ್ತೀವಿ.”

“ಇನ್ನೊಂಬತ್ತರಲ್ಲಿ?”

“ಓಡಿದರೆ ಓಟ. ನಂಬಿದರೆ ನಂಬಿಕೆ. ನಕ್ಕರೆ ನಗು. ಅವು ಖಾಲಿ ಡಬ್ಬಿ.”

“ಖಾಲಿ ಡಬ್ಬಿ ಯಾಕೆ?” ಹಟ ಮರೆತು ಕೇಳಿಬಿಟ್ಟಿದ್ದಳು.

ಅವನು ನಕ್ಕಿದ್ದ. “ಇದು ಕೈಗೆ ಸಿಗಲ್ಲ ಅನ್ನೋದು ಕೈಗೇ ಗೊತ್ತಾಗಬೇಕಲ್ಲ! ಮಗು ಡಬ್ಬಿ ತೆಗೆದು ತಡಕಾಡುತ್ತೆ, ಏನೂ ಇರಲ್ಲ. ಆಗ ಆ ಕೆಲಸ ಮಾಡೋರು ಎದುರಿಗೆ ಮಾಡಿ ತೋರಿಸ್ತಾರೆ. ಆಟದ ಮೇಷ್ಟ್ರು ವರಾಂಡದಲ್ಲಿ ಓಡ್ತಾರೆ. ಅದು ಓಟ. ಹೆಡ್‌ಮೇಷ್ಟ್ರು ಕೆಮ್ತಾರೆ...”

“ಅವರೇನು ಬೇಕಂತ ಕೆಮ್ಮಬೇಕಾಗಿಲ್ಲ ಬಿಡಿ.”

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ನಗು ಉಕ್ಕಿ ಬಂತು. ಆದರೆ ಬಾಯಿಗೆ ಸೆರಗು ಒತ್ತಿಕೊಂಡಳು. ತನ್ನ ನಗು ತನ್ನ ದನಿಗಿಂತ ಒಂದು ಕೈ ಮೇಲೆ ಎಂಬುದು ಅವಳಿಗೆ ಗೊತ್ತಿತ್ತು. ಮತ್ತೆ ನೆಗಡಿ ಎಂದರೆ?

ಅವನದು ಇನ್ನೊಂದು ನಿಯಮವಿತ್ತು. ಯಾವ ಪದ ಯಾರಿಂದ ಮಕ್ಕಳಿಗೆ ಬಂತೋ ಅವರ ಹೆಸರನ್ನು ಮುಚ್ಚಳದ ಒಳಗೆ ಬ್ರೈಲ್ ಚುಕ್ಕಿಗಳಲ್ಲಿ ಬರೆದು ಅಂಟಿಸಬೇಕು. ಯಾರೂ ಮಾಡದೆ ಹೆಸರು ಹುಟ್ಟುವುದಿಲ್ಲ ಎಂಬುದು ಮಕ್ಕಳಿಗೆ ತಿಳಿಯಬೇಕು ಎನ್ನುತ್ತಿದ್ದ.

ವಾರಕ್ಕೆ ಎರಡು ದಿನ ಶಾಲೆಗೆ ಬಂದು ಹೋಗುತ್ತ ಅವಳಿಗೆ ಅವನು ಬೇಕೆನಿಸತೊಡಗಿದ. ತಾನು ಹೊಲಿದ ಪುಟ್ಟ ಹೊದಿಕೆಯನ್ನು ಅವನು ಕೆನ್ನೆಗೆ ಒತ್ತಿ ನೋಡಿದ ದಿನ ಮನೆಗೆ ಹೋಗಿ ಒಂದೇ ಬ್ಲೌಸಿಗೆ ಎರಡು ಎಡತೋಳು ಕತ್ತರಿಸಿದಳು. ಅತ್ತಿಗೆ ಬೈದದ್ದೂ ಕಿವಿಗೆ ಬೀಳಲಿಲ್ಲ.

ಎಲ್ಲ ಚೆನ್ನಾಗಿಯೇ ಇರುತ್ತಿತ್ತು... ಆ ಹಾಡಿನ ಟೀಚರ್ ಒಬ್ಬಳು ಇಲ್ಲದೇ ಹೋಗಿದ್ದರೆ!

*

ಅದೇನು ದನಿ ಅಂತೀರಿ! “ಬಾಗಿಲು ಹಾಕಿ” ಎಂದರೂ ಹಾಡಿದ ಹಾಗೆ. “ಚಹಾ ಆಯ್ತಾ” ಎಂದರೆ ಚಹಾಕ್ಕೆ ಸಕ್ಕರೆಯೇ ಬೇಡ. ನಕ್ಕರಂತೂ ಇಡೀ ವರಾಂಡ ತಿರುಗಿ ನೋಡಬೇಕು.

ಹಾಡಿನ ಟೀಚರಿಗೆ ಕಣ್ಣು ಕಾಣುತ್ತಿತ್ತು, ಬ್ರೈಲ್ ಓದಲೂ ಬರುತ್ತಿತ್ತು. ಹಾಗಾಗಿ ಮೇಷ್ಟ್ರ ಕೋಣೆಗೆ ಅವಳದು ದಿನಕ್ಕೆ ಹತ್ತು ಸಲ ಪ್ರವೇಶ. ಒಳಗಿಂದ ಇಬ್ಬರ ನಗು ತೇಲಿ ಬಂದಾಗ ಹೊಲಿಗೆಯವಳ ಸೂಜಿ ಬೆರಳಿಗೇ ಹೋಗುತ್ತಿತ್ತು.

‘ಅಷ್ಟು ನಗೋಕೆ ಏನಿದೆ ವ್ಯಾಕರಣದಲ್ಲಿ?’

ಮನೆಗೆ ಹೋಗಿ ಕನ್ನಡಿ ಮುಂದೆ ನಿಂತಳು. ಚೆಂದದ ಮುಖ. ನೋಡಿದವರು ಇನ್ನೊಮ್ಮೆ ನೋಡುವಂಥ ಕಣ್ಣು. ಹಾಡಿನ ಟೀಚರಿಗೆ ಇದರಲ್ಲಿ ಅರ್ಧವೂ ಇಲ್ಲ.

‘ಇದ್ದು ಏನು ಪ್ರಯೋಜನ? ಅವರಿಗೆ ಕಾಣಲ್ಲ. ಅವರಿಗೆ ಕೇಳೋದು ದನಿ ಮಾತ್ರ. ಅದನ್ನೇ ದೇವರು ನನ್ನಿಂದ ಕಿತ್ತುಕೊಂಡ...’

ಕನ್ನಡಿಯ ಮೇಲೆ ಬಟ್ಟೆ ಎಳೆದು ಮುಚ್ಚಿಬಿಟ್ಟಳು. ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಉರಿದರೆ ಉರಿ. ಇದು ಯಾವ ಡಬ್ಬಿಗೆ ಸೇರುತ್ತೆ ಮೇಷ್ಟ್ರೇ, ಕೈಗೆ ಸಿಗುವುದಕ್ಕೋ ಸಿಗದಿರುವುದಕ್ಕೋ? ಕೇಳುವ ಧೈರ್ಯವಂತೂ ಇರಲಿಲ್ಲ.

ಅದೇ ವಾರ ಅಣ್ಣ ಒಂದು ಸುದ್ದಿ ತಂದ. ದೂರದ ಊರಿನ ಸಮವಸ್ತ್ರದ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯ ಕೆಲಸ, ಇರಲು ಕೋಣೆ. ಶನಿವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

“ಇನ್ನೇನು ಯೋಚನೆ?” ಎಂದಳು ಅತ್ತಿಗೆ. “ಇಲ್ಲೇನು ಗಂಟು ಇಟ್ಟಿದ್ದೀಯಾ?”

ಹೌದಲ್ಲ. ಇಲ್ಲೇನಿದೆ? ಇಲ್ಲಿ ಒಬ್ಬನಿದ್ದಾನೆ ಎಂದು ಹೇಳಲು ಆ ಒಬ್ಬನಿಂದ ಒಂದು ಮಾತಾದರೂ ಬಂದಿರಬೇಕಿತ್ತು.

*

ಗುರುವಾರ ಮುಚ್ಚಳಗಳ ಒಳಗೆ ಹೆಸರು ಅಂಟಿಸುವ ಕೆಲಸ. ಚುಕ್ಕಿಗಳು ಹೊಲಿಗೆಯವಳಿಗೆ ಓದಲು ಬಾರವು. ಹಾಡಿನ ಟೀಚರ್ ಪಕ್ಕದಲ್ಲಿ ಕೂತು ಒಂದೊಂದೇ ಓದಿ ಕೊಟ್ಟಳು.

“ಹೊಲಿಗೆ... ನಿಮ್ಮ ಹೆಸರು. ಹೊದಿಕೆ, ನಿಮ್ಮದು. ಹಾಸಿಗೆ, ನಿಮ್ಮದೇ. ಹಿಡಿಕೆಗೆ ಬಟ್ಟೆ ಸುತ್ತಿದ್ದು ನೀವಂತೆ, ಅದೂ ನಿಮ್ಮದು! ಅಬ್ಬಬ್ಬಾ, ಬಡಗಿ ಮಾಡಿದ ಮುಚ್ಚಳಕ್ಕೂ ನಿಮ್ಮ ಹೆಸರು ಹಾಕಿದ್ದಾರಲ್ಲ!”

“ಖಾಲಿ ಡಬ್ಬಿಗಳದ್ದು?”

“ಹಾಡು, ನನ್ನದು. ನಲಿವು, ನನ್ನದು. ನಗು... ಅದೂ ನಾನೇ. ನಂಬಿಕೆನೂ ನಾನಂತೆ, ನೋಡಿ!” ಟೀಚರ್ ಕಿಲಕಿಲನೆ ನಕ್ಕಳು. “ಓ, ಇಲ್ಲೊಂದು ಖಾಲಿ ಡಬ್ಬಿ ನಿಮಗೂ ಬಂದಿದೆ.”

ಹೊಲಿಗೆಯವಳು ಚೀಟಿಯ ಮೇಲೆ ಬಗ್ಗಿದಳು. “ಯಾವುದು?”

“ಮುನಿಸು.”

ಮುನಿಸು! ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಟೀಚರಿಗೆ ನಗು, ನಲಿವು, ನಂಬಿಕೆ. ನನಗೆ ಹಾಸಿಗೆ, ಹಿಡಿಕೆ, ಮುಚ್ಚಳ... ಮನೆಗೆಲಸದವಳಿಗೆ ಪಟ್ಟಿ ಮಾಡಿ ಕೊಟ್ಟ ಹಾಗೆ! ಮನಸ್ಸಿಗೆ ಸೇರಿದ್ದೆಲ್ಲ ಅವಳಿಗೆ, ಕೈಗೆ ಸೇರಿದ್ದೆಲ್ಲ ನನಗೆ. ಜೊತೆಗೆ ಒಂದು ಮುನಿಸು, ಬೋನಸ್ಸು.

“ಒಲವು ಅನ್ನೋದಕ್ಕೆ ಹೆಸರೇ ಇಲ್ಲ,” ಟೀಚರ್ ಕೊನೆಯ ಚೀಟಿಯನ್ನು ತಿರುಗಿಸಿ ನೋಡಿದಳು. “ಒಲಿದರೆ ಒಲವು. ಇದನ್ನ ಮಕ್ಕಳಿಗೆ ಹೇಗೆ ಮಾಡಿ ತೋರಿಸೋದು ಅಂತ ಮೇಷ್ಟ್ರು ಮೊನ್ನೆ ನನ್ನ ಕೇಳ್ತಾ ಇದ್ರು. ನಾನು ಹೇಳಿದೆ, ಅದನ್ನ ನೀವು ಮಾಡಿದ ಮೇಲೆ ನಮಗೆ ಹೇಳಿ ಅಂತ!”

ಅಂಟಿನ ಬಾಟಲಿ ಹೊಲಿಗೆಯವಳ ಕೈಯಿಂದ ಜಾರಿತು.

ಇನ್ನು ಕೇಳುವುದಕ್ಕೆ ಏನಿತ್ತು? ಕೈ ಒರೆಸಿಕೊಂಡು ನೇರ ಮೇಷ್ಟ್ರ ಕೋಣೆಗೆ ಹೋದಳು. ಹೊಸ್ತಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು:

“ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಶನಿವಾರ ನಿಮ್ಮ ಪಾಠ ಶುರುವಾಗೋ ಹೊತ್ತಿಗೆ ಉಳಿದ ಬಟ್ಟೆ ತಂದುಕೊಟ್ಟು ಹೋಗ್ತೀನಿ.”

ಅವನ ಕೈ ಪುಸ್ತಕದ ಚುಕ್ಕಿಗಳ ಮೇಲೆ ನಿಂತುಹೋಯಿತು. ಮೇಜಿಗೆ ಒರಗಿಸಿದ್ದ ಕೋಲು ಸದ್ದು ಮಾಡಿ ಬಿತ್ತು. ಅವನು ಬಗ್ಗಿ ಹುಡುಕಿದ, ಸಿಗಲಿಲ್ಲ. ಎದುರಿಗೇ ಬಿದ್ದಿತ್ತು. ಅವಳು ಎತ್ತಿ ಅವನ ಕೈಗಿಟ್ಟಳು. ಬೆರಳಿಗೆ ಬೆರಳು ತಾಗಿತು.

‘ಹೋಗಬೇಡ ಅನ್ನಿ... ಒಂದೇ ಒಂದು ಸಲ ಅನ್ನಿ!’

“ಒಳ್ಳೇದಾಗಲಿ,” ಎಂದ ಮೇಷ್ಟ್ರು.

ಅಷ್ಟೇ!

*

ಶನಿವಾರ. ಅಣ್ಣನಿಗೆ ಮಧ್ಯಾಹ್ನ ಉತ್ತರ ಹೇಳುವುದೆಂದು ಮಾತಾಗಿತ್ತು. ಬಟ್ಟೆಯ ಗಂಟು ಹಿಡಿದು ಅವಳು ಬಂದಾಗ ತರಗತಿ ಆಗಲೇ ಶುರುವಾಗಿತ್ತು. ಗಂಟನ್ನು ಬಾಗಿಲ ಬಳಿ ಇಟ್ಟು ಹೋಗಿಬಿಡೋಣ ಎಂದುಕೊಂಡಳು. ಆದರೂ ಗಂಟು ಹಿಡಿದೇ ಬಾಗಿಲಲ್ಲಿ ನಿಂತಳು.

ಹನ್ನೆರಡು ಮಕ್ಕಳು ಸುತ್ತ ಕೂತಿದ್ದರು. ಡಬ್ಬಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು.

“ಹೊದಿಕೆ! ಕೈಗೆ ಸಿಗ್ತು! ಹೊಲಿಗೆ ಅಕ್ಕಂದು!”

“ಇದು ಖಾಲಿ! ಓಟ!” ವರಾಂಡದಲ್ಲಿ ಆಟದ ಮೇಷ್ಟ್ರು ದಡದಡ ಓಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟ್ರ ಸರದಿ ಬರುವ ಮೊದಲೇ ಅವರು ಕೆಮ್ಮಿಬಿಟ್ಟರು.

ಹಾಡಿನ ಟೀಚರ್ ಡಬ್ಬಿಗಳನ್ನು ಒಂದೊಂದಾಗಿ ಮಕ್ಕಳಿಗೆ ಕೊಡುತ್ತಿದ್ದಳು. ಕೊನೆಯದು ‘ಗಿಣಿ’ಯ ಕೈಗೆ ಬಂತು. ಎಂಟು ವರ್ಷದ ಹುಡುಗಿ. ಇಡೀ ಶಾಲೆಯ ಮಾತೆಲ್ಲ ಅವಳೊಬ್ಬಳೇ ಆಡುತ್ತಾಳೆಂದು ಆ ಹೆಸರು.

ಗಿಣಿ ಮೇಲಿನ ಚುಕ್ಕಿ ಓದಿದಳು. “ಒ-ಲ-ವು. ಮೇಷ್ಟ್ರೇ, ಇದು ಕೈಗೆ ಸಿಗದ್ದು. ಖಾಲಿ ಇರುತ್ತೆ.”

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟ. “ಆ ಡಬ್ಬಿ ಇಲ್ಲಿಗೆ ಹೇಗೆ ಬಂತು?”

“ಹದಿನೇಳೇ ಇದ್ವು,” ಎಂದಳು ಹಾಡಿನ ಟೀಚರ್. “ಒಂದು ನಿಮ್ಮ ಮೇಜಿನ ಡ್ರಾಯರ್‌ನಲ್ಲಿ ಸಿಕ್ತು. ತಂದೆ.”

“ತೆಗೀಬೇಡ ಗಿಣಿ! ಅದು ಇವತ್ತಿನ ಪಾಠಕ್ಕಿಲ್ಲ!”

ತಡವಾಗಿತ್ತು. ಬೇಡ ಎಂದರೆ ಕೇಳುವ ಹುಡುಗಿಯೇ ಅವಳು? ಮುಚ್ಚಳ ಆಗಲೇ ತೆರೆದಿತ್ತು.

“ಅಯ್ಯೋ ಮೇಷ್ಟ್ರೇ, ನೀವು ತಪ್ಪು ಮಾಡಿದ್ದೀರಿ! ಇದರಲ್ಲಿ ಏನೋ ಇದೆ. ಬಟ್ಟೆ! ಒಲವು ಕೈಗೆ ಸಿಗಲ್ಲ ಅಂತ ನೀವೇ ಹೇಳಿದ್ರಲ್ಲ?”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ವ್ಯಾಕರಣದ ಮೇಷ್ಟ್ರೇ ತಪ್ಪು ಮಾಡಿದ್ದಾರೆ! ಇಂಥ ಖುಷಿ ದಿನಾ ಸಿಗುತ್ತದೆಯೇ?

ಗಿಣಿಯ ಬೆರಳು ಆಗಲೇ ಆ ತುಂಡಿನ ಅಂಚಿನ ಮೇಲೆ ಓಡಾಡುತ್ತಿತ್ತು. “ಇದು ಹೊಲಿಗೆ ಅಕ್ಕನ ಕೈಯದ್ದು. ನನಗೆ ಗೊತ್ತು. ಆದರೆ ಒಂದು ಕಡೆ ತುಂಬ ಬಿಗಿ ಇದೆ, ಮೇಷ್ಟ್ರೇ. ಒಂದು... ಎರಡು... ಮೂರನೇ ಮಗ್ಗುಲು!”

ಬಾಗಿಲಲ್ಲಿ ನಿಂತವಳ ಕೈಯಿಂದ ಗಂಟು ಜಾರಿ ನೆಲಕ್ಕೆ ಬಿತ್ತು.

ಕಸದ ಬುಟ್ಟಿಗೆ ಹೋಗಿರಲಿಲ್ಲ. ಬಿಚ್ಚಿ ಹಾಕ್ತೀನಿ ಕೊಡಿ ಎಂದರೂ ಕೊಡದ ತುಂಡು... ನಾಲ್ಕು ತಿಂಗಳಿಂದ ಅವನ ಹತ್ತಿರವೇ ಇತ್ತು!

ಗಂಟು ಬಿದ್ದ ಸದ್ದಿಗೆ ಮೇಷ್ಟ್ರು ಬಾಗಿಲ ಕಡೆ ತಿರುಗಿದ. ಅವನ ಮುಖ, ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿದ್ದವು.

“ಯಾರು?”

ಅವಳು ಬಾಯಿಬಿಡಲಿಲ್ಲ.

“ಸರಿ, ಮಾತಾಡ್ತಾ ಇಲ್ಲ ಅಂದ್ರೆ ಅವರೇ,” ಎಂದ ಮೆಲ್ಲಗೆ.

ಹಾಡಿನ ಟೀಚರ್ ಇಬ್ಬರ ಮುಖವನ್ನೂ ನೋಡಿದಳು. ತಕ್ಷಣ ಎರಡು ಕೈ ತಟ್ಟಿ, “ನಡೀರಿ ಮಕ್ಕಳೇ, ಆಟದ ಮೇಷ್ಟ್ರು ಇನ್ನೊಂದು ಸುತ್ತು ಓಡ್ತಾರಂತೆ!” ಎಂದು ಎಲ್ಲರನ್ನೂ ಹೊರಡಿಸಿದಳು. ಬಾಗಿಲು ದಾಟುವಾಗ ಹೊಲಿಗೆಯವಳ ಕಿವಿಯಲ್ಲಿ ಹೇಳಿದಳು: “ನಾಲ್ಕು ತಿಂಗಳಿಂದ ನನ್ನನ್ನ ಕಣ್ಣಲ್ಲೇ ಸುಡ್ತಾ ಇದ್ದೀರಲ್ಲ ತಾಯಿ, ಒಂದು ಸಲ ಕೇಳಬಾರದಿತ್ತಾ? ಮನೇಲಿ ಗಂಡ, ಎರಡು ಮಕ್ಕಳು, ಒಬ್ಬರು ಅತ್ತೆ ಇದ್ದಾರೆ. ಅವರಿಗೇ ನನಗೆ ಪುರುಸೊತ್ತಿಲ್ಲ!”

ಹೊಲಿಗೆಯವಳಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

*

ಕೋಣೆಯಲ್ಲಿ ಇಬ್ಬರೇ ಉಳಿದರು. ನಡುವೆ ಹದಿನೆಂಟು ಡಬ್ಬಿಗಳು.

“ಹಾಗಾದ್ರೆ... ನಗು, ನಲಿವು, ಎಲ್ಲ ಅವರಿಗೆ ಯಾಕೆ ಕೊಟ್ರಿ?” ಕೊನೆಗೂ ಕೇಳಿದಳು. ಒಡೆದ ದನಿ ಇನ್ನಷ್ಟು ಒಡೆಯಿತು. “ನನಗೆ ಹಾಸಿಗೆ, ಹಿಡಿಕೆ, ಮುಚ್ಚಳ!”

“ಅವರದ್ದೆಲ್ಲ ಖಾಲಿ ಡಬ್ಬಿಗಳು, ನೋಡಲಿಲ್ವಾ? ತೆಗೆದರೆ ಏನೂ ಇರಲ್ಲ.” ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. “ಕೆಲಸ ಮುಗಿದ ಮೇಲೆ ನೀವು ಬರಲ್ಲ ಅಂತ ಗೊತ್ತಿತ್ತು. ಅದಕ್ಕೆ ಕೈಗೆ ಸಿಗೋದನ್ನೆಲ್ಲ ನಿಮ್ಮ ಹೆಸರಿಗೆ ಬರೆದೆ. ಬಡಗಿಯದ್ದನ್ನೂ ಕಿತ್ತು ಬರೆದೆ, ಪಾಪ. ಡಬ್ಬಿ ತೆಗೆದಾಗಲೆಲ್ಲ ನೀವು ಇರಬೇಕಿತ್ತು ನನಗೆ.”

ಅವಳ ಕಣ್ಣು ತುಂಬಿತು. ಆದರೂ ಬಿಡುವವಳಲ್ಲ.

“ನಗು?”

“ನಗು ನಿಮ್ಮದೇ ಬೇಕಿತ್ತು. ನೀವು ನಗಲೇ ಇಲ್ವಲ್ಲ! ಒಂದು ದಿನವೂ! ನಾನು ಎಷ್ಟು ಜೋಕು ಹೇಳಿದೆ... ಹಾಡಿನ ಟೀಚರನ್ನ ಕೇಳಿ, ಎಲ್ಲ ಮೊದಲು ಅವರ ಮುಂದೆ ಹೇಳಿ ನೋಡ್ತಿದ್ದೆ. ಅವರು ನಕ್ಕರೆ ನಿಮಗೆ ಹೇಳೋದು ಅಂತ.”

ಓಹೋ! ಒಳಗಿಂದ ತೇಲಿ ಬರುತ್ತಿದ್ದ ಆ ನಗುವೆಲ್ಲ ಅದೇನಾ? ತಾನು ಬೆರಳು ಚುಚ್ಚಿಕೊಂಡದ್ದು ಇದಕ್ಕಾ?

“ಬಂದ ಮೊದಲ ದಿನವೇ ನೆಗಡಿ ಅಂದುಬಿಟ್ಟೆ,” ಅವನ ದನಿ ಇಳಿಯಿತು. “ಅವತ್ತಿನಿಂದ ನೀವು ಮಾತು ಕಟ್ ಮಾಡಿದ್ರಿ. ನಿಮಗೆ ಗೊತ್ತಾ, ನುಣುಪು ದನಿ ನನಗೆ ಬೇಗ ಮರೆತುಹೋಗುತ್ತೆ. ನಿಮ್ಮದು ಹಾಗಲ್ಲ. ಬೆರಳಿಗೆ ಚುಕ್ಕಿ ಸಿಕ್ಕ ಹಾಗೆ ಸಿಗುತ್ತೆ. ಇನ್ನೊಂದು ಮಾತಾಡಲಿ ಅಂತ ಪ್ರತಿ ಸಲ ಕಾಯ್ತಾ ಕೂತಿರ್ತಿದ್ದೆ.”

ತನ್ನ ದನಿಯ ಬಗ್ಗೆ ಇಂಥ ಮಾತನ್ನು ಅವಳು ಹುಟ್ಟಿದಾರಭ್ಯ ಕೇಳಿರಲಿಲ್ಲ.

“ಮತ್ತೆ ಮೊನ್ನೆ, ಹೋಗ್ತೀನಿ ಅಂದಾಗ... ಒಳ್ಳೇದಾಗಲಿ ಅಂದುಬಿಟ್ರಲ್ಲ!”

“ಇನ್ನೇನು ಅನ್ನಲಿ? ಕೋಲು ಬಿದ್ದರೆ ಹುಡುಕೋಕಾಗದವನು, ಒಳ್ಳೇ ಕೆಲಸ ಸಿಕ್ಕವಳನ್ನ ಇಲ್ಲೇ ಇರು ಅನ್ನೋದಾ?”

“ಕೋಲು ಬಿದ್ದರೆ ಎತ್ತಿಕೊಡೋಕೆ ನಾನು ಅಲ್ಲೇ ಇದ್ದೆ, ಮೇಷ್ಟ್ರೇ.”

ಅವನು ಒಂದು ಹೆಜ್ಜೆ ಮುಂದೆ ಬಂದು, ಗಾಳಿಯಲ್ಲಿ ಕೈ ಚಾಚಿದ. ಎಲ್ಲಿದ್ದಾಳೆಂದು ತಿಳಿಯದೆ ಕೈ ಅಲ್ಲೇ ತಡಕಾಡುತ್ತಿತ್ತು.

“ಹೋಗಬೇಡಿ,” ಎಂದ.

ಅವಳು ಎರಡೂ ಕೈಯಿಂದ ಆ ಕೈ ಹಿಡಿದುಕೊಂಡಳು.

“ಅಣ್ಣನಿಗೆ ಮಧ್ಯಾಹ್ನ ಉಹೂಂ ಅಂತ ಹೇಳ್ತೀನಿ. ಅತ್ತಿಗೆ ಇಲ್ಲೇನು ಗಂಟು ಇಟ್ಟಿದ್ದೀಯಾ ಅಂತ ಕೇಳಿದ್ಲು.”

“ಏನು ಹೇಳ್ತೀರಿ?”

“ಡಬ್ಬಿ ಇಟ್ಟಿದ್ದೀನಿ ಅಂತೀನಿ. ಹದಿನೆಂಟು!”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಡೆಯಲಾಗದೆ ನಗು ಬಂತು. ಸೆರಗಿಗೆ ಕೈ ಹೋಗಲಿಲ್ಲ. ಎರಡೂ ಕೈ ಅವನ ಕೈಯಲ್ಲಿದ್ದವು. ಗರಗರ ಎಂದು, ನಡುವೆ ನಿಂತು, ಮತ್ತೆ ಶುರುವಾಗಿ... ಅವಳು ನಾಲ್ಕು ತಿಂಗಳಿಂದ ಒತ್ತಿಟ್ಟುಕೊಂಡದ್ದೆಲ್ಲ ಹೊರಬಂತು.

ಮೇಷ್ಟ್ರು ಉಸಿರು ಬಿಗಿಹಿಡಿದು ಕೇಳುತ್ತಿದ್ದ.

“ಯಾರದು ಮೇಷ್ಟ್ರೇ, ಹಾಗೆ ನಗ್ತಿರೋದು?” ವರಾಂಡದಿಂದ ಗಿಣಿಯ ಕೂಗು ಬಂತು. “ತುಂಬ ಮಜವಾಗಿದೆ! ಇನ್ನೊಂದು ಸಲ!”

“ನಗು ಡಬ್ಬಿಯ ಹೆಸರು ಬದಲಾಯಿಸಬೇಕು,” ಎಂದ ಮೇಷ್ಟ್ರು, ಅವಳ ಕೈ ಬಿಡದೆ.

“ಮುನಿಸಿನದ್ದೂ.”

“ಅದು ನಿಮ್ಮದೇ ಇರಲಿ. ಮುಂದೆ ಬೇಕಾಗುತ್ತೆ.”

ಅವಳು ಅವನ ಭುಜಕ್ಕೆ ಮೆಲ್ಲಗೆ ಗುದ್ದಿದಳು. ಆಮೇಲೆ ತೆರೆದೇ ಇದ್ದ ಆ ಡಬ್ಬಿಯ ಕಡೆ ನೋಡಿದಳು. ಬಟ್ಟೆಯ ತುಂಡು ಬೆರಳಾಡಿ ಬೆರಳಾಡಿ ಅಂಚಿನಲ್ಲಿ ಸವೆದಿತ್ತು. ನಾಲ್ಕು ತಿಂಗಳಲ್ಲಿ ಎಷ್ಟು ಸಲ ಸವರಿದ್ದನೋ!

“ಅದನ್ನ ಹೊರಗೆ ತೆಗೀಬೇಕಲ್ವಾ? ಮಕ್ಕಳಿಗೆ ಪಾಠ ತಪ್ಪಾಗುತ್ತೆ.”

“ಮಕ್ಕಳಿಗೆ ಬೇರೆ ಖಾಲಿ ಡಬ್ಬಿ ಮಾಡಿಸ್ತೀನಿ. ಇದು ನನ್ನದು.”

“ಹಾಗಾದ್ರೆ ಒಳ್ಳೇದೊಂದು ಹೊಲಿದು ಕೊಡ್ತೀನಿ, ಅದನ್ನಿಡಿ. ಇದು ಸರಿಯಿಲ್ಲ. ಮೂರನೇ ಮಗ್ಗುಲು ಬಿಗಿಯಾಗಿದೆ.”

“ಬೇಡ,” ಎಂದ ಅವನು. “ಅದೇ ಇರಲಿ. ಮೊದಲ ಸಲ ನೀವು ನನಗೆ ಸಿಕ್ಕಿದ್ದು ಅಲ್ಲೇ.”